ಕಂಪ್ಯೂಟರ್ ಮಾತಾಡಬಾರದು

ಆ್ಯಪ್ ಬಳಸಿ ನೋಡುವ ಪರೀಕ್ಷೆಗೆ ಬರಬೇಕಿದ್ದ ಆಂಟಿ ಬರಲೇ ಇಲ್ಲ. ಜಯನಗರದ ಆ ಪುಟ್ಟ ಡಿಸೈನ್ ಆಫೀಸಿನಲ್ಲಿ ತಯಾರಾಗುತ್ತಿದ್ದ ಕ್ಲಿನಿಕ್ ಆ್ಯಪ್ ಇನ್ನೂ ಕಾಗದದ ಮೇಲೆಯೇ ಇತ್ತು. ಬಳಸುವವರು ಕಾಗದದ ಬಟನ್ ಒತ್ತಿದರೆ ಎದುರು ಕೂತ ಸಿದ್ದಾರೂಢ ಮುಂದಿನ ಹಾಳೆ ಇಡಬೇಕು. ಅಂದರೆ ಕಂಪ್ಯೂಟರ್ ಅವನೇ.

"ಆಂಟಿ ಜಾಗದಲ್ಲಿ ನಾನೇ ಕೂರ್ತೀನಿ ಬಿಡಿ," ಎಂದಳು ಜೊತೆಗೆ ಕೆಲಸ ಮಾಡುವ ಧೃತಿ. ನಿಯಮ ಬರೆದವಳೂ ಅವಳೇ. ಬಳಸುವವರು ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಕಂಪ್ಯೂಟರ್ ತುಟಿ ಪಿಟಕ್ಕೆನ್ನಬಾರದು.

ಎರಡನೆಯದಂತೂ ಸಿದ್ದಾರೂಢನಿಗೆ ಹೇಳಿ ಮಾಡಿಸಿದ್ದು. ಗದಗದಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ ಈ ಪುಣ್ಯಾತ್ಮ ಅವಳ ಮೇಲೆ ಜೀವವನ್ನೇ ಇಟ್ಟುಕೊಂಡು, ಕತ್ತರಿ-ಗೋಂದಿನ ಮಾತು ಬಿಟ್ಟು ಬೇರೇನೂ ಆಡಿರಲಿಲ್ಲ. ಮದುವೆಗೆಂದು ಮನೆಯವರು ನೋಡಿರುವ ನಚಿಕೇತನಿಗೆ ಅವಳು ಇವತ್ತೇ ಉತ್ತರ ಹೇಳಬೇಕೆಂಬುದು ಅವನಿಗೆ ಗೊತ್ತಿತ್ತು.

ಅವಳು ಬೆರಳಿಟ್ಟಳು, ಅವನು ಹಾಳೆ ಇಟ್ಟ. ಪಕ್ಕದಲ್ಲಿ ಕೂತು ಗಮನಿಸುತ್ತಿದ್ದ ಭಾರ್ಗವ ಫೋನ್ ಬಂತೆಂದು ಹೊರಗೆ ಹೋದ.

ಅವಳ ಬೆರಳು ನಿಂತಿತು. ಓರೆಗಣ್ಣಿನಲ್ಲಿ ಅವನನ್ನು ನೋಡಿದಳು. ತುಟಿಯಂಚಿನಲ್ಲಿ ನಗುವಿತ್ತು, ಕಣ್ಣಲ್ಲಿ ಇರಲಿಲ್ಲ.

"ಮನಸ್ಸಿಗೆ ಬಂದಿದ್ದೆಲ್ಲಾ ಹೇಳ್ಬೇಕಲ್ವಾ? ನಂಗೆ ನಚಿಕೇತ ಬೇಡ ಸಿದ್ದು. ನೀನು ಬೇಕು. ಏನಾದ್ರೂ ಹೇಳೋ."

ಪರೀಕ್ಷೆ ಇನ್ನೂ ನಡೆಯುತ್ತಿದೆ, ಮುಗಿದ ಮೇಲೆ ಹೇಳೋಣ ಎಂದುಕೊಂಡ ಸಿದ್ದಾರೂಢ. ಹೆದರಿಕೆಗೊಂದು ನೆಪ ಬೇಕಿತ್ತು, ಸಿಕ್ಕಿತು. ತಲೆ ತಗ್ಗಿಸಿ ಮುಂದಿನ ಹಾಳೆ ಇಟ್ಟ.

ಧೃತಿ ಆ ಹಾಳೆಯನ್ನೇ ಸ್ವಲ್ಪ ಹೊತ್ತು ನೋಡಿ ಎದ್ದು ಹೋದಳು.

ಆಗಲೇ ಹಿಂದೆ ಓಡಬೇಕಿತ್ತು. ಭಾರ್ಗವ ಬರುವ ತನಕ ಕೂತೇ ಇದ್ದ. ಆಮೇಲೆ ಹುಡುಕಿಕೊಂಡು ಹೋಗಿ ಬಸ್ ಸ್ಟಾಪಿನಲ್ಲಿ ಸಿಕ್ಕಾಗ ಅವಳು ಫೋನನ್ನು ಬ್ಯಾಗಿಗೆ ಹಾಕುತ್ತಿದ್ದಳು.

"ಧೃತಿ, ನನಗ ನೀ ಅಂದ್ರ ಜೀವ. ಟೆಸ್ಟ್ ನಡದಿತ್ತು, ಅದಕ್ಕ ಸುಮ್ನಿದ್ದೆ."

"ರೂಲ್ ಬರೆದೋಳು ನಾನು ಕಣೋ. ಏನಾದ್ರೂ ಹೇಳು ಅಂತ ನಾನೇ ಅದನ್ನ ಮುರಿದು ಕೂತಿದ್ನಲ್ಲ." ಅವಳ ಕಣ್ಣು ತುಂಬಿತ್ತು. "ಅಮ್ಮಂಗೆ ಈಗಷ್ಟೇ ಹೂಂ ಅಂದ್ಬಿಟ್ಟೆ."

"ಮತ್ತ ಫೋನ್ ಮಾಡು. ಬ್ಯಾಡ ಅನ್ನು."

"ಅಂತೀನಿ. ನಾಳೆ ನಮ್ಮನೇಲಿ ಎಲ್ರೂ ಕೂತು ಕೇಳ್ತಾರೆ. ಅವ್ರ ಮುಂದೆ ಬಾಯಿ ಬಿಡ್ತೀಯಾ?"

ಬಿಡ್ತೀನಿ ಎಂಬ ಒಂದು ಮಾತು ಸಾಕಿತ್ತು. ಅವಳ ಅಪ್ಪನ ಮುಖ, ಅವರು ಕೇಳುವ ಪ್ರಶ್ನೆಗಳು ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಅವನು ಬಸ್ ಬರುವ ದಾರಿಯ ಕಡೆ ತಿರುಗಿದ.

ಬನಶಂಕರಿ ಬಸ್ ಬಂತು. ಅವಳು ಅವನ ಕೈಯನ್ನು ಮೆತ್ತಗೆ ಒಮ್ಮೆ ಒತ್ತಿ, ಬಸ್ ಹತ್ತಿದಳು. ಈ ಸಲ ಸುಮ್ಮನಿರು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.