ಒಳಮುಖದ ಗುರುತು

"ಇಳಿಸಬೇಡಿ, ಇಳಿಸಬೇಡಿ," ಎಂದು ಅವಳು ಕೈಬೀಸಿದಳು. ಕ್ರೇನಿನವನು ಗೊಣಗುತ್ತಾ, ಮೇಲೆ ಕೂರಬೇಕಿದ್ದ ಕಲ್ಲನ್ನು ಪಕ್ಕಕ್ಕಿಟ್ಟು ಊಟಕ್ಕೆ ಹೋದ.

ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಬೇರೆ ಊರಿನ ಕೆಲಸಕ್ಕೆ ಹೊರಡಬೇಕಿತ್ತು.

ಪಾಳುಬಿದ್ದ ಈ ಪುರಾತನ ಸಮಾಧಿಯ ಕಲ್ಲುಗಳಿಗೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಒಣಗಿದ ಮೇಲೆ ಬಿಡಿಸಿ ಹೆಸರುಗಳ ಅಚ್ಚು ತೆಗೆಯುವವಳು ಅವಳು. ಒಡೆದ ಕಡೆ ಹೊಸ ಕಲ್ಲು ಕಡೆದು ಕೂರಿಸುವವನು ಮೇಸ್ತ್ರಿ. ರಾಜನ ಹೆಸರು ಹೊರಗೆ, ಕಡೆದವನ ಗುರುತು ಮುಚ್ಚಿಹೋಗುವ ಒಳಮುಖಕ್ಕೆ. ಇಲ್ಲಿನ ಹಳಬರ ಕ್ರಮ ಅದು. ಒಂದೇ ಕಲ್ಲಿಗೆ ಎರಡು ಗುರುತಿದ್ದರೆ ಅವರು ಗಂಡ ಹೆಂಡತಿ ಎಂದು ಅವಳೇ ಅವನಿಗೆ ಹೇಳಿಕೊಟ್ಟಿದ್ದಳು. ಅವನು ನಗುವನ್ನು ಮೀಸೆಯಲ್ಲೇ ಬಚ್ಚಿಟ್ಟುಕೊಂಡು ಕೇಳಿದ್ದ.

ನಿನ್ನೆ ಅವನು ಕೂರಿಸಿದ ಕಲ್ಲಿನ ನೆತ್ತಿಯ ಮೇಲೆ, ಕ್ರೇನಿನ ಕಲ್ಲು ಇಳಿದಿದ್ದರೆ ಮುಚ್ಚಿಹೋಗುತ್ತಿದ್ದ ಕಡೆ, ಅವನ ಗುರುತು, ಹಕ್ಕಿಯ ಹೆಜ್ಜೆ, ಇತ್ತು. ಪಕ್ಕದಲ್ಲೊಂದು ತೆನೆ.

ಎರಡು ಗುರುತು, ಗಂಡ ಹೆಂಡತಿ. ಇವನಿಗೆ ಮನೆಯಲ್ಲೊಬ್ಬಳು ಇದ್ದಾಳೆ. ನಾನು ಇಷ್ಟು ದಿನ ಬಿಸಿಲಲ್ಲಿ ಕೂತು ಇವನ ಬೆರಳು ನೋಡುತ್ತಿದ್ದೆ, ಎಂಥ ಪೆದ್ದಿ.

"ಈ ತೆನೆ ಯಾರು, ಮೇಸ್ತ್ರಿ?"

"ಯಾವ ತೆನೆ, ಮೇಡಂ?"

"ನಾಟಕ ಬೇಡ. ಮದುವೆಗೆ ಕರೆಯೋದು ಹಾಗಿರ್ಲಿ, ಒಂದು ಮಾತು ಹೇಳ್ಬಾರ್ದಿತ್ತಾ?"

ಅವನು ಬಗ್ಗಿ ನೋಡಿದ. ಕಿವಿ ಕೆಂಪಾಯಿತು. "ಸಾವಿರಾರು ವರ್ಷದ್ದನ್ನ ಓದ್ತೀರಿ, ನಿನ್ನೆಯದು ಓದೋಕೆ ಬರ್ಲಿಲ್ವಾ? ಅದು ತೆನೆ ಅಲ್ಲ. ಬ್ರಷ್ಷು."

ಅವಳು ಕೈಯಲ್ಲಿದ್ದ ಬ್ರಷ್ ನೋಡಿಕೊಂಡಳು. ಒಂದು ಕಡೆ ಸವೆದು ಸೊಟ್ಟಗಾದ ಅದರ ಕೂದಲು ಕಲ್ಲಿನಲ್ಲೂ ಹಾಗೇ ಸೊಟ್ಟಗಿತ್ತು.

"ಮುಚ್ಚಿಹೋಗೋ ಕಡೆ ಕೆತ್ತಿದ್ರೆ ನಾನು ಹೇಗೆ ಓದ್ಲಿ?"

"ಓದ್ಬಾರ್ದು ಅಂತಾನೇ ಕೆತ್ತಿದ್ದು. ನೀವು ಹೋದ್ಮೇಲೂ ಇಲ್ಲಿರ್ಲಿ ಅಂತ."

ಅವಳಿಗೆ ಸಿಟ್ಟು, ನಗು, ಅಳು ಮೂರೂ ಒಟ್ಟಿಗೆ ಬಂದವು. "ಕಲ್ಲಿಗೆ ಹೇಳಿದ್ದು ಸಾಕು. ನನಗೆ ಹೇಳಿ."

ಅವನು ಉಳಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ, ಮತ್ತೆ ಬದಲಾಯಿಸಿದ. "ನಿಮ್ಮನ್ನ ಬಿಟ್ಟು ಇರೋಕಾಗಲ್ಲ," ಎಂದ ಕೊನೆಗೆ, ಕಲ್ಲನ್ನಲ್ಲ, ಅವಳನ್ನೇ ನೋಡುತ್ತಾ.

ಅವಳು ಕಾಗದ ನೆನೆಸಿ ಆ ಎರಡು ಗುರುತುಗಳ ಮೇಲೆ ಹಾಸಿದಳು, ಮೆಲ್ಲಗೆ ತಟ್ಟಿದಳು, ಒಣಗಲೆಂದು ಅವನ ಪಕ್ಕ ಕೂತಳು.

ಸಂಜೆ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವನು ಕಾಗದದ ಅಂಚು ಮುಟ್ಟಿ, "ಒಣಗಿದೆ," ಎಂದ, ದನಿ ಸಣ್ಣದಾಗಿತ್ತು.

"ಇಲ್ಲ, ಇನ್ನೂ ಒದ್ದೆಯಿದೆ," ಎಂದಳು ಅವಳು. ಕೂತಲ್ಲಿಂದ ಏಳಲಿಲ್ಲ.