ಸಾಂತಾ ರೋಸಾದ ಭಾನುವಾರಗಳು

“ಏಳು! ಏಳು!” ಎಂದು ಅಮರೇಶಪ್ಪ ಕೂಗಿದ.

ಪಕ್ಕದಲ್ಲಿದ್ದ ಹುಡುಗಿ ಕೀಬೋರ್ಡ್ ಬಿಟ್ಟು ಎದ್ದೇ ನಿಂತಳು. “ಪರಿಚಯವಾಗಿ ಒಂದು ಗಂಟೆ ಆಗಲಿಲ್ಲ, ಏಕವಚನದಲ್ಲಿ ಏಳು ಅಂತೀರಲ್ಲ ಮಾರಾಯ್ರೆ?”

“ಅಯ್ಯ, ನಿಮಗಲ್ರಿ! ಏಳನೇ ನಂಬರಿನಾಂವನ ಕಡೆ ಚೆಂಡು ಐತಿ, ಟೈಪ್ ಮಾಡ್ರಿ!”

ಅವಳು ಕೂತಳು. ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು. ಚೆಂಡು ಏಳನೆಯವನನ್ನು ಬಿಟ್ಟು ಎಲ್ಲಿಗೋ ಹೋಗಿತ್ತು. ಅಮರೇಶಪ್ಪನ ಮನಸ್ಸೂ.

ನಿಜಾಮರ ಊರಿನ ಅಮೀರ್‌ಪೇಟ್‌ಗೆ ಮೆಟ್ರೊ ಬಂದಿರದ, ಗೋಡೆಗೋಡೆಗೂ ಜಾವಾ ಕೋಚಿಂಗಿನ ಪೋಸ್ಟರು ಅಂಟಿದ್ದ ಕಾಲ ಅದು. ಲಿಂಗಸುಗೂರಿನ ಅಮರೇಶಪ್ಪ, ಸುರತ್ಕಲ್ಲಿನ ವಾಸಂತಿ ಸೇರಿದ್ದ ಚಿಕ್ಕ ಕಂಪನಿಗೆ ಮೆಕ್ಸಿಕೋದ ಎರಡನೇ ದರ್ಜೆಯ ಫುಟ್‌ಬಾಲ್ ಲೀಗಿನ ಆಟಗಳ ಲೆಕ್ಕ ದಾಖಲಿಸುವ ಕೆಲಸ ಸಿಕ್ಕಿತ್ತು. ಅಲ್ಲಿ ಶನಿವಾರ ಸಂಜೆಯ ಆಟ, ಇಲ್ಲಿ ಭಾನುವಾರದ ಬೆಳಗು. ಚೆಂಡು ಯಾರ ಕಾಲಲ್ಲಿದೆ ಎಂದು ಅವನು ಪರದೆ ನೋಡಿ ಹೇಳಬೇಕು, ಅವಳು ಟೈಪ್ ಮಾಡಬೇಕು.

ಅವರ ಪಾಲಿಗೆ ಬಂದದ್ದು ಸಾಂತಾ ರೋಸಾ ಎಂಬ ಸಣ್ಣ ಊರಿನ ತಂಡ. ಹೆಚ್ಚಿನ ವಾರ ಸೋಲುತ್ತಿತ್ತು. ಆ ಊರು ಭೂಪಟದಲ್ಲಿ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ, ಆದರೂ ಅದು ಸೋತ ದಿನ ಇರಾನಿ ಹೋಟೆಲಿನ ಚಹಾ ರುಚಿಸುತ್ತಿರಲಿಲ್ಲ.

“ನಮ್ಮ ಗೋಲ್‌ಕೀಪರನಿಗೆ ಇವತ್ತು ಜ್ವರ ಉಂಟು ಅಂತ ಕಾಣ್ತದೆ,” ಎನ್ನುತ್ತಿದ್ದಳು ವಾಸಂತಿ, ಉಸ್ಮಾನಿಯಾ ಬಿಸ್ಕತ್ತನ್ನು ಅವನ ಚಹಾದಲ್ಲಿ ಅದ್ದುತ್ತ.

“ನಿಮ್ಮ ಕಪ್ ಅಲ್ಲೈತಿ.”

“ನಿಮ್ಮದರಲ್ಲಿ ಸಕ್ಕರೆ ಜಾಸ್ತಿ.”

ಹೀಗೆ ಚಳಿ ಕಳೆದು ಬಿಸಿಲು ಏರಿತು. ಈ ಸೀಸನ್ ಮುಗಿದರೆ ಪ್ರಾಜೆಕ್ಟೂ ಮುಗಿಯಿತು ಎಂದು ಸೂಪರ್‌ವೈಸರ್ ರಾಮಕೃಷ್ಣ ಹೇಳಿದ. ವಾಸಂತಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿತು. ಅಮರೇಶಪ್ಪ “ಭಾಳ ಚಲೋ ಆತು” ಎಂದ, ಆ ದಿನ ಚಹಾ ಕುಡಿಯಲಿಲ್ಲ.

ಕೊನೆಯ ಭಾನುವಾರ. ಗೆದ್ದರೆ ಸಾಂತಾ ರೋಸಾ ಲೀಗಿನಲ್ಲಿ ಉಳಿಯುತ್ತದೆ, ಇಲ್ಲವಾದರೆ ಕೆಳಕ್ಕೆ. ಆಟ ಮುಗಿಯುತ್ತ ಬಂದರೂ ಗೋಲಿಲ್ಲ. ಕಿಟಕಿಯ ಬಿಸಿಲು ವಾಸಂತಿಯ ಕೆನ್ನೆಗೆ ಬಿದ್ದಿತ್ತು. ಕಿವಿಯ ಹಿಂದೆ ಸಿಕ್ಕಿಸಿದ ಕೂದಲು ಮತ್ತೆ ಜಾರಿತು. ಅಮರೇಶಪ್ಪನ ಕೂಗು ನಿಂತಿತು.

“ಅಮರೇಶ್, ಚೆಂಡು ಯಾರ ಹತ್ರ ಉಂಟು?”

“ಗೊತ್ತಿಲ್ರಿ.”

“ಗೊತ್ತಿಲ್ಲ ಅಂದ್ರೆ?”

“ನಾ ನಿಮ್ಮನ್ನ ನೋಡಾಕತ್ತಿದ್ದೆ.”

ಅವಳ ಬೆರಳುಗಳು ಕೀಗಳ ಮೇಲೆಯೇ ನಿಂತವು. ಅವಳೂ ತಿರುಗಿ ನೋಡಿದಳು, ಮೊದಲ ಸಲ ನಗದೆ, ತಮಾಷೆ ಮಾಡದೆ.

“ಏಮಯ್ಯಾ, ಗೋಲ್ ಎಂಟ್ರಿ ಎಕ್ಕಡ?” ಗೋಲಿನ ಎಂಟ್ರಿ ಎಲ್ಲಿ ಎಂದು ಹಿಂದಿನಿಂದ ರಾಮಕೃಷ್ಣ ತೆಲುಗಿನಲ್ಲಿ ಗದರಿದ.

ಪರದೆಯಲ್ಲಿ ಸಾಂತಾ ರೋಸಾದ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಇಡೀ ಸೀಸನ್ ಕಾದಿದ್ದ ಗೋಲು ಇಬ್ಬರ ಕಣ್ಣಿಗೂ ಬೀಳದೆ ಹೋಗಿತ್ತು.

ಮರುದಿನ ಸಂಜೆ ಕಾಚಿಗೂಡ ಸ್ಟೇಷನ್ನಿನಲ್ಲಿ ಅವಳು ರೈಲಿನ ಕಿಟಕಿಯಿಂದ ಹೇಳಿದಳು, “ಅಮ್ಮನಿಗೆ ಫೋನ್ ಮಾಡಿದೆ. ಹುಡುಗ ಬೇರೆ ಜಾತಿ, ಮೀನು ಸಹ ತಿನ್ನುವುದಿಲ್ಲ ಅಂದೆ.”

ಅವನು ಕಿಟಕಿಗೆ ಇನ್ನಷ್ಟು ಹತ್ತಿರ ಬಂದ. “ಏನಂದ್ರು?”

“ಒಂದಿಷ್ಟು ಅತ್ತರು. ಆಮೇಲೆ, ಸೊಪ್ಪಾದರೂ ತಿಂತಾನಾ ಅಂತ ಕೇಳಿದರು.” ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. “ನಿಮ್ಮ ಮನೆಯಲ್ಲಿ ನೀವು ಹೇಳ್ತೀರಾ?”

“ಇವತ್ತೇ ಹೇಳ್ತೀನಿ.”

ರೈಲು ಚಲಿಸಿತು. ಕಿಟಕಿಯ ಸರಳಿನ ಮೇಲಿದ್ದ ಅವಳ ಬೆರಳುಗಳನ್ನು ಅವನು ಮುಟ್ಟಿದ, ಪ್ಲಾಟ್‌ಫಾರಂ ಮುಗಿಯುವವರೆಗೂ ಜೊತೆಗೇ ನಡೆದ.

ಸ್ಟೇಷನ್ನಿನ ಹೊರಗಿದ್ದ ಎಸ್‌ಟಿಡಿ ಬೂತಿನಲ್ಲಿ ನಿಂತು ಅವ್ವನಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಆ ಕಡೆ ಕೇಳುತ್ತಿದ್ದ ಟೀವಿಯ ಸದ್ದನ್ನು ಅವ್ವ ನಿಲ್ಲಿಸಿದಳು.

ಆಮೇಲೆ ಕೇಳಿದಳು, “ಅಕಿ ಹೆಸರೇನಪ?”