ಅಸಿನೆಲ್ಲಿ ಹತ್ತದವನು

ಕೊರ್ರಾದೊ ಒತ್ತಬೇಕಾಗಿದ್ದದ್ದು ಮೂರನೇ ಮಹಡಿಯ ಗೆಳೆಯನ ಮನೆ ಬೆಲ್ಲಿನ ಗುಂಡಿ, ಒತ್ತಿದ್ದು ಎರಡನೆಯದ್ದು. ಅವನ ತಪ್ಪು ಇಷ್ಟೇ. ಉಳಿದದ್ದೆಲ್ಲ ಬೊಲೊನ್ಯಾ ಊರಿನ ಭಾಷೆ ಮಾಡಿದ ಕಿತಾಪತಿ.

"ಟೀರೊ ಕೊಡ್ತೀಯಾ?" ಎಂದು ಇಂಟರ್‌ಕಾಮಿಗೆ ಬಾಯಿಟ್ಟು ಕೇಳಿದ.

ಬೊಲೊನ್ಯಾದಲ್ಲಿ ಇದನ್ನು ಎಲ್ಲರೂ ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಮೇಲಿನಿಂದ ಗುಂಡಿ ಒತ್ತಿ ಕೆಳಗಿನ ದೊಡ್ಡ ಬಾಗಿಲು ತೆರೆ ಎಂದು ಅರ್ಥ. ಆದರೆ ಊರು ದಾಟಿದರೆ ಸಾಕು, ಟೀರೊ ಎಂದರೆ ಸಿಗರೇಟಿನ ಒಂದು ದಮ್ಮು. ಎರಡನೇ ಮಹಡಿಯವಳು ದೇಶದ ತುತ್ತತುದಿಯ ಲೆಚ್ಚೆಯಿಂದ ಬಂದು ನಾಲ್ಕೇ ದಿನವಾಗಿತ್ತು.

"ಏನು ಕೊಡ್ಬೇಕು?"

"ಟೀರೊ! ಬೇಗ, ಕೈ ತುಂಬ ಸಾಮಾನಿದೆ."

"ನಾಚಿಕೆ ಆಗಲ್ವಾ ನಿಮಗೆ? ಬೆಳಬೆಳಗ್ಗೆ ಕಂಡವರ ಮನೆ ಬೆಲ್ ಮಾಡಿ ದಮ್ಮು ಕೇಳ್ತೀರಲ್ಲ! ಪೋಲಿ ಸ್ಟೂಡೆಂಟ್‌ಗಳಿಗೆ ಇಲ್ಲೇನು ಧರ್ಮಛತ್ರ ಇಟ್ಟಿದ್ದೀವಾ?"

ಮೇಲಿನ ಕಿಟಕಿ ದಡಾರನೆ ತೆರೆಯಿತು. ತಲೆಯ ತುಂಬ ಸೋಪಿನ ನೊರೆ, ಹೆಗಲ ಮೇಲೆ ಟವೆಲು, ಮುಖದಲ್ಲಿ ಕೆಂಡದಂಥ ಕೋಪ. ಕೊರ್ರಾದೊ ಕತ್ತೆತ್ತಿ ನೋಡಿದ. ನೊರೆಯ ಒಂದು ಉಂಡೆ ಅವಳ ಹುಬ್ಬಿನವರೆಗೆ ಜಾರಿ ಬಂದು ನಿಂತಿತ್ತು. ಅವಳು ಅದನ್ನು ಒರೆಸಿಕೊಳ್ಳದೆ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಆ ಕ್ಷಣ ಅವನು ಟೀರೊ ಎಂದರೇನೆಂದು ವಿವರಿಸಿ ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ 'ಪೋಲಿ ಸ್ಟೂಡೆಂಟ್' ಎಂಬುದು ಅವನಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತ್ತು.

"ನಾನು ಸ್ಟೂಡೆಂಟ್ ಅಲ್ಲ ರೀ! ಡಿಗ್ರಿ ಮುಗಿಸಿ ವರ್ಷ ಆಯ್ತು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

ಶುದ್ಧ ಸುಳ್ಳು. ಮೊಲೀಸೆ ಗುಡ್ಡಗಾಡಿನಿಂದ ಬಂದು ಎಂಟು ವರ್ಷವಾಗಿದ್ದರೂ ಅವನಿನ್ನೂ ಸ್ಟೂಡೆಂಟೇ. ಸಾಹಿತ್ಯದ ಡಿಗ್ರಿಗೆ ಲ್ಯಾಟಿನ್ ಪರೀಕ್ಷೆ ಒಂದು ಉಳಿದಿತ್ತು, ನಾಲ್ಕು ಸಲ ಕೂತು ನಾಲ್ಕೂ ಸಲ ಡುಮ್ಕಿ ಹೊಡೆದಿದ್ದ. ಅಷ್ಟು ಜೋರಾಗಿ ಹೇಳಿದ ಸುಳ್ಳನ್ನು ವಾಪಸು ತಗೊಳ್ಳುವುದು ಕಷ್ಟ. ಅದರಲ್ಲೂ ಹತ್ತು ನಿಮಿಷದ ಮೇಲೆ ಒದ್ದೆ ಕೂದಲಲ್ಲೇ ಅವಳು ಕೆಳಗಿಳಿದು ಬಂದು, "ಕ್ಷಮಿಸಿ, ಪಕ್ಕದ ಮನೆಯವರು ಅರ್ಥ ಹೇಳಿದ್ರು" ಎಂದು ಕಿವಿಯವರೆಗೆ ಕೆಂಪಾಗಿ ನಿಂತ ಮೇಲೆ.

ಅವಳ ಹೆಸರು ಬ್ರುನೆಲ್ಲಾ. ಗಣಿತದ ಬದಲಿ ಟೀಚರು. ಯಾವುದೋ ಶಾಲೆಯಲ್ಲಿ ಯಾರೋ ಹೆರಿಗೆ ರಜೆ ಹಾಕಿದರೆ ಇವಳ ಫೋನ್ ಬಡಿದುಕೊಳ್ಳುತ್ತಿತ್ತು. ಬರುವ ಸಂಬಳ ಬಾಡಿಗೆಗೆ ಸರಿಹೋಗುತ್ತಿತ್ತು. ಕೊರ್ರಾದೊನ ಜೇಬಿನ ಕಥೆ ಹೇಳುವುದೇ ಬೇಡ. ಆದರೆ ದುಡ್ಡಿಲ್ಲದೆ ಬೊಲೊನ್ಯಾವನ್ನು ಅನುಭವಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

ಮಳೆ ಬಂದರೆ ಛತ್ರಿ ಬೇಕಿಲ್ಲ, ಕಮಾನಿನ ಜಗಲಿಗಳ ಕೆಳಗೆ ಊರಿನ ಈ ತುದಿಯಿಂದ ಆ ತುದಿಗೆ ಒಂದು ಹನಿಯೂ ತಾಗದಂತೆ ಕರೆದೊಯ್ಯುತ್ತಿದ್ದ. ಸಂಜೆ ಹಳೆಯ ಒಂದು ಹೆಂಡದಂಗಡಿಗೆ ಇಬ್ಬರೂ ಬ್ರೆಡ್ಡು, ಮೊರ್ತದೆಲ್ಲಾ ಹಂದಿಮಾಂಸ ಕಟ್ಟಿಕೊಂಡು ಹೋಗುತ್ತಿದ್ದರು. ಅಲ್ಲಿ ತಿನ್ನುವುದನ್ನು ಮನೆಯಿಂದಲೇ ಒಯ್ಯುವ ರೂಢಿ, ಕುಡಿಯುವುದಕ್ಕೆ ಮಾತ್ರ ಕಾಸು. ಇಬ್ಬರ ನಡುವೆ ಒಂದೇ ಲೋಟ ವೈನು ಎರಡು ಗಂಟೆ ಬಾಳುತ್ತಿತ್ತು.

"ಈ ಕಡೆ ತುಟಿ ಇಟ್ಟಿದ್ದು ನಾನು, ನೀನು ಆ ಕಡೆಯಿಂದ ಕುಡಿ," ಎನ್ನುತ್ತಿದ್ದಳು ಬ್ರುನೆಲ್ಲಾ.

"ಲೋಟ ದುಂಡಗಿದೆ ಕಣೇ. ದುಂಡಗಿರೋದಕ್ಕೆ ಆ ಕಡೆ ಈ ಕಡೆ ಇರಲ್ಲ. ಗಣಿತದ ಟೀಚರಿಗೆ ನಾನು ಹೇಳ್ಕೊಡ್ಬೇಕಾ?"

ಅವಳು ಕಣ್ಣಿನ ತುದಿಯಲ್ಲೇ ಗದರುತ್ತಿದ್ದಳು. ಆ ಗದರಿಕೆಗಾಗಿ ಅವನು ಇನ್ನಷ್ಟು ತಲೆಹರಟೆ ಮಾಡುತ್ತಿದ್ದ.

ಚೌಕದ ಪಕ್ಕದ ಹಳೇ ಅರಮನೆಯ ಕಮಾನಿನ ಕೆಳಗೆ ಒಂದು ಮೂಲೆಯ ಗೋಡೆಗೆ ಪಿಸುಗುಟ್ಟಿದರೆ ಎದುರು ಮೂಲೆಯಲ್ಲಿ ಕಿವಿಯಿಟ್ಟವರಿಗೆ ಸ್ಪಷ್ಟ ಕೇಳಿಸುತ್ತದೆ. ಏಪ್ರಿಲ್‌ನ ಒಂದು ಮಧ್ಯಾಹ್ನ ಅವಳನ್ನು ಆ ಮೂಲೆಗೆ ನಿಲ್ಲಿಸಿ, ನಿಜ ಹೇಳಿಯೇಬಿಡಬೇಕೆಂದು ಈ ಮೂಲೆಗೆ ಮುಖ ಮಾಡಿ ನಿಂತ. ಗೋಡೆಗೆ ತುಟಿ ತಾಗುವಷ್ಟು ಹತ್ತಿರ ಹೋದ. ಕೊನೆಗೆ ಹೇಳಿದ್ದು, "ನಿನ್ನ ಮೂಗಿನ ಮೇಲೆ ಚಾಕ್‌ಪುಡಿ ಇದೆ."

ಅವಳು ಅಲ್ಲಿಂದಲೇ ಮೂಗು ಒರೆಸಿಕೊಂಡು ನಕ್ಕಳು. ಅವನಿಗೆ ಮಾತ್ರ ಆ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ.

ಮೊದಲೇ ಅವನು ಕಾಲಿಗೆ ಚಕ್ರ ಕಟ್ಟಿಕೊಂಡವನು. ಆಮೇಲಂತೂ ನಿಂತಲ್ಲಿ ನಿಲ್ಲದಾದ. ಲೈಬ್ರರಿಯಲ್ಲಿ ಲ್ಯಾಟಿನ್ ಪುಸ್ತಕ ತೆರೆದರೆ ಅಕ್ಷರಗಳ ನಡುವೆ ಅವಳ ಒದ್ದೆ ಕೂದಲು, ಅವಳ ಜೊತೆಗಿದ್ದರೆ ಲ್ಯಾಟಿನ್. 'ಈ ಸಲ ಪಾಸಾಗಿಬಿಟ್ಟರೆ ಸುಳ್ಳು ತಾನಾಗಿ ನಿಜವಾಗುತ್ತದೆ' ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಐದನೇ ಸಲದ ಪರೀಕ್ಷೆ ಜೂನ್‌ನ ಒಂದು ಗುರುವಾರಕ್ಕೆ ನಿಗದಿಯಾಗಿತ್ತು.

ಅದೇ ವಾರದ ಮಂಗಳವಾರ ಬ್ರುನೆಲ್ಲಾ ಫೋನ್ ಮಾಡಿದಳು. "ಎಲ್ಲಿದ್ದರೂ ಈಗಲೇ ಚರ್ಚಿಗೆ ಬಾ."

ಸಾನ್ ಪೆತ್ರೋನಿಯೊ ಚರ್ಚಿನ ನೆಲದಲ್ಲಿ ಉದ್ದಕ್ಕೆ ಒಂದು ಹಿತ್ತಾಳೆ ಗೆರೆಯಿದೆ. ಚಾವಣಿಯ ಸಣ್ಣ ತೂತಿನಿಂದ ಬೀಳುವ ಬಿಸಿಲಿನ ಬಿಲ್ಲೆ ದಿನಕ್ಕೊಮ್ಮೆ, ಸೂರ್ಯ ನೆತ್ತಿಗೆ ಬಂದಾಗ, ಬೇಸಿಗೆಯ ಗಡಿಯಾರದಲ್ಲಿ ಒಂದೂಕಾಲಿನ ಹೊತ್ತಿಗೆ, ಆ ಗೆರೆಯನ್ನು ದಾಟುತ್ತದೆ. ಅದನ್ನು ನೋಡಲು ಅವರಿಬ್ಬರೂ ಎಷ್ಟೋ ದಿನ ಬಂದು ಕಾದದ್ದುಂಟು. ಅವತ್ತು ಬಿಲ್ಲೆ ಗೆರೆಗೆ ಇನ್ನೊಂದು ಗೇಣು ದೂರವಿತ್ತು. ಬ್ರುನೆಲ್ಲಾ ಅದರ ಪಕ್ಕದಲ್ಲೇ ನಿಂತು ಉಗುರು ಕಚ್ಚುತ್ತಿದ್ದಳು.

"ಉದೀನೆಯಿಂದ ಫೋನ್ ಬಂದಿತ್ತು. ಒಂದು ಶಾಲೆಯಲ್ಲಿ ಪೂರ್ತಿ ಒಂದು ವರ್ಷದ ಕೆಲಸ. ಸೋಮವಾರದಿಂದಲೇ ಬೇಸಿಗೆ ಕ್ಲಾಸು. ಎರಡು ಗಂಟೆಯೊಳಗೆ ಹೂಂ ಅನ್ಬೇಕು, ಇಲ್ಲ ಉಹೂಂ ಅನ್ಬೇಕು."

"ಇವತ್ತು ಎರಡಕ್ಕಾ?"

"ಇವತ್ತೇ. ಉದೀನೆ ಅಂದ್ರೆ ದೇಶದ ಆ ಮೂಲೆ ಕಣೋ." ಅವನ ಮುಖ ನೋಡದೆ, ಬಿಲ್ಲೆಯನ್ನೇ ನೋಡುತ್ತ ಮುಂದುವರಿಸಿದಳು. "ನಾನು ಉಹೂಂ ಅನ್ನೋಣ ಅಂತಿದ್ದೀನಿ. ನಿನ್ನದು ಹೇಗೂ ಡಿಗ್ರಿ ಆಗಿದೆ, ಸೆಪ್ಟೆಂಬರಿಗೆ ಇಲ್ಲೇ ಏನಾದರೂ ಸಿಗುತ್ತೆ. ಒಬ್ಬರ ಸಂಬಳ ಗಟ್ಟಿ ಇದ್ರೆ ನಾನು ಬದಲಿ ಕೆಲಸದಲ್ಲೇ ನಿಭಾಯಿಸ್ತೀನಿ. ಇರು ಅಂತ ನೀನೊಂದು ಮಾತು ಹೇಳು, ಸಾಕು."

ಬಿಲ್ಲೆ ಗೆರೆ ಮುಟ್ಟಿತು. ಇರು ಎನ್ನಲು ಕೊರ್ರಾದೊನ ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಇರು ಎಂದರೆ ತನ್ನ ಇಲ್ಲದ ಡಿಗ್ರಿಯನ್ನು ನಂಬಿ ಅವಳು ಇರುವ ಕೆಲಸ ಬಿಡುತ್ತಾಳೆ. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕು. ಅವನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ ನಿಂತ. ಬಿಲ್ಲೆ ಗೆರೆ ದಾಟಿ ಆಚೆ ಹೋಯಿತು.

"ಹೋಗಲಿ, ಇಲ್ಲಿ ಬಾಯಿ ಬರಲ್ಲ ಅಂದ್ರೆ ಮೇಲೆ ಹೇಳು," ಎಂದು ಬ್ರುನೆಲ್ಲಾ ಚೀಲದಿಂದ ಎರಡು ಟಿಕೆಟ್ ತೆಗೆದು ಅವನ ಮೂಗಿನ ಮುಂದೆ ಆಡಿಸಿದಳು. "ಶಾಲೆ ಮಕ್ಕಳ ಪ್ರವಾಸದಲ್ಲಿ ಮಿಕ್ಕಿದ್ದು. ಅಸಿನೆಲ್ಲಿ ಗೋಪುರಕ್ಕೆ! ಇಷ್ಟು ತಿಂಗಳು ಊರೆಲ್ಲ ಸುತ್ತಿಸಿದ್ದೀಯ, ಅಲ್ಲಿಗೊಂದು ಕರ್ಕೊಂಡು ಹೋಗಿಲ್ಲ."

"ಮಂಡಿ ನೋವು ಕಣೇ."

"ನಿನ್ನೆ ಸಾನ್ ಲೂಕಾ ಗುಡ್ಡ ಓಡ್ಕೊಂಡು ಹತ್ತಿದ ಮಂಡಿನಾ?"

"ಅದಕ್ಕೇ ನೋವು."

ಅವಳು ಅವನ ತೋಳು ಹಿಡಿದು ಎಳೆದುಕೊಂಡೇ ನಡೆದಳು. ಗೋಪುರದ ಬುಡಕ್ಕೆ ಐದು ನಿಮಿಷದ ದಾರಿ. ಆ ಐದು ನಿಮಿಷದಲ್ಲಿ ಕೊರ್ರಾದೊ ತಲೆಸುತ್ತು, ಹಸಿವು, ಬಿಸಿಲು ಎಂದು ಮೂರು ನೆಪ ಹೇಳಿದ. ನಾಲ್ಕನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಬಂದೇಬಿಟ್ಟಿತು.

ಟಿಕೆಟ್ ಹರಿಯುವ ಹೆಂಗಸು ಅದೇ ಊರಿನವಳು, ದಪ್ಪ ಕನ್ನಡಕ, ಬಾಯಿ ಜೋರು. ಹುಡುಗ ವಯಸ್ಸಿನವರು ಬಂದರೆ ಎಲ್ಲರಿಗೂ ಹೇಳುವಂತೆ ಅವನಿಗೂ ಹೇಳಿದಳು. "ಏನಪ್ಪಾ, ಡಿಗ್ರಿ ಕೈಗೆ ಬಂದಿದೆ ತಾನೆ? ಅದಕ್ಕೆ ಮುಂಚೆ ಮೇಲೆ ಹತ್ತಿದವರಿಗೆ ಆಮೇಲೆ ಯಾವತ್ತೂ ಬರಲ್ಲ. ಗೊತ್ತಲ್ವಾ? ಆಮೇಲೆ ನನ್ನ ಬಂದು ಬೈಬಾರದು."

ಬೊಲೊನ್ಯಾದ ಯಾವ ವಿದ್ಯಾರ್ಥಿಗೆ ಇದು ಗೊತ್ತಿಲ್ಲ! ದೇವರನ್ನು ನಂಬದವರೂ ಇದನ್ನು ನಂಬುತ್ತಾರೆ. ಎಂಟು ವರ್ಷದಲ್ಲಿ ಕೊರ್ರಾದೊ ಈ ಬಾಗಿಲಿನ ಮುಂದೆ ನೂರಾರು ಸಲ ಹಾದುಹೋಗಿದ್ದ, ಒಂದು ಸಲವೂ ಹೊಸ್ತಿಲು ಮೆಟ್ಟಿರಲಿಲ್ಲ. ಈಗಲೂ ಅವನ ಕಾಲು ನೆಲಕ್ಕೆ ಅಂಟಿಕೊಂಡಿತು.

ಬ್ರುನೆಲ್ಲಾ ಮೊದಲು ನಕ್ಕಳು. ಆಮೇಲೆ ಅವನ ಮುಖ ನೋಡಿದಳು. ನಗು ಅರ್ಧಕ್ಕೇ ನಿಂತಿತು.

"ಕೊರ್ರಾದೊ. ಡಿಗ್ರಿ ಆಗಿದೆ ತಾನೆ?"

ಅವನು ತಲೆ ತಗ್ಗಿಸಿದ. "ಲ್ಯಾಟಿನ್ ಒಂದು ಉಳಿದಿದೆ."

"ಯಾವಾಗಿಂದ?"

"ಮೊದಲಿಂದ. ಗುರುವಾರ ಪರೀಕ್ಷೆ ಇದೆ. ಪಾಸಾದ ಮೇಲೆ ಹೇಳೋಣ ಅಂತ..."

"ಈಗ ಹತ್ತು ನಿಮಿಷದ ಹಿಂದೆ ನಾನು ಕೆಲಸ ಬಿಡ್ತೀನಿ ಅಂದೆ. ಆಗಲೂ ಬಾಯಿ ಬಿಡಲಿಲ್ವಲ್ಲೋ ನೀನು!" ಅವಳ ದನಿ ಏರಲಿಲ್ಲ. ಕಿಟಕಿಯಿಂದ ಬೈದಿದ್ದಂತೆ ಬೈದಿದ್ದರೂ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ. "ನೀನು ಬಡವ ಅಂತ ನನಗೆ ಗೊತ್ತಿತ್ತು. ಅದು ನನಗೆ ಯಾವತ್ತೂ ಭಾರ ಆಗಲಿಲ್ಲ. ಇದು ಆಗ್ತಿದೆ."

ಅವಳು ಒಂದು ಟಿಕೆಟ್ಟನ್ನು ಅವನ ಕೈಗೆ ತುರುಕಿ, ಇನ್ನೊಂದನ್ನು ಟಿಕೆಟ್ಟಿನವಳಿಗೆ ಕೊಟ್ಟು ಒಳಗೆ ನಡೆದಳು. ಮರದ ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಸ್ವಲ್ಪ ಹೊತ್ತು ಕೇಳಿಸಿ ನಿಂತುಹೋಯಿತು.

ಕೊರ್ರಾದೊ ಬಾಗಿಲಿನ ಮುಂದೆ ಶತಪಥ ಹಾಕಿದ. ಒಂದೂವರೆಯಾಯಿತು, ಒಂದೂಮುಕ್ಕಾಲಾಯಿತು. ಮೇಲೆ ಹೋದರೆ ಗುರುವಾರ ಮುಗಿದಂತೆ. ಗುರುವಾರವೇನು, ಎಂಟು ವರ್ಷವೇ ಮುಗಿದಂತೆ. ಊರಲ್ಲಿ ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಕೇಳುವುದು ಅದೊಂದನ್ನೇ. ಹೋಗದಿದ್ದರೆ ಎರಡಕ್ಕೆ ಅವಳು ಅಲ್ಲಿಂದಲೇ ಫೋನ್ ಮಾಡುತ್ತಾಳೆ, ಇಳಿದು ಬಂದು ಅವನನ್ನು ದಾಟಿ ಹೋಗುತ್ತಾಳೆ, ಮುಗಿಯಿತು. ಉದೀನೆಗೆ ಹೋಗುವುದು ಅವಳಿಗೆ ಒಳ್ಳೆಯದೇ. ಆದರೆ ಒಬ್ಬ ಸುಳ್ಳುಗಾರನನ್ನು ಪ್ರೀತಿಸಿದೆ ಎಂಬುದಷ್ಟನ್ನೇ ಕಟ್ಟಿಕೊಂಡು ಹೋಗುತ್ತಾಳಲ್ಲ.

"ಏನಪ್ಪಾ, ಒಳಗೋ ಹೊರಗೋ?" ಎಂದಳು ಟಿಕೆಟ್ಟಿನವಳು.

"ಒಳಗೆ," ಎಂದ ಕೊರ್ರಾದೊ. ಹೊಸ್ತಿಲು ದಾಟುವಾಗ ಕಣ್ಣು ಮುಚ್ಚಿಕೊಂಡ.

ನಾನೂರ ತೊಂಬತ್ತೆಂಟು ಮೆಟ್ಟಿಲು. ಅರ್ಧ ದಾರಿಗೆ ಬರುವಾಗ ಮಂಡಿ ನಿಜವಾಗಿಯೂ ನೋಯತೊಡಗಿತು. ಮೇಲೆ ತಲುಪಿದಾಗ ಮಾತಾಡಲು ಉಸಿರೇ ಇರಲಿಲ್ಲ. ಬ್ರುನೆಲ್ಲಾ ಕಂಬಿ ಹಿಡಿದು ಕೆಂಪು ಹೆಂಚುಗಳ ಊರಿಗೆ ಮುಖ ಮಾಡಿ ನಿಂತಿದ್ದಳು. ಸದ್ದು ಕೇಳಿ ತಿರುಗಿದವಳು ಹೌಹಾರಿದಳು.

"ಅಯ್ಯೋ ಮುಠ್ಠಾಳ! ಯಾಕೋ ಹತ್ತಿದೆ? ಗುರುವಾರ ಪರೀಕ್ಷೆ ಇದೆ ಅಂದೆಯಲ್ಲೋ!"

"ಹೇಳೋದಿತ್ತು." ಅವನು ಕಂಬಿಗೆ ಒರಗಿ ಏದುಸಿರು ಬಿಟ್ಟ. "ಹೂಂ ಅನ್ನು ಉದೀನೆಗೆ."

"ಅಂದಾಯ್ತು. ಎರಡಾಗೋಕೆ ಹತ್ತು ನಿಮಿಷ ಇತ್ತು, ಕಾಯಲಿಲ್ಲ."

ಅಂದಾಗಿದೆ ಎಂದು ಕೇಳಿದಾಗ ಅವನಿಗೆ ಇಷ್ಟು ದುಃಖವಾಗುತ್ತದೆಂದು ಗೊತ್ತಿರಲಿಲ್ಲ. ಗಾಳಿಗೆ ಮುಖವೊಡ್ಡಿ ಅಂದ, "ಒಳ್ಳೇದಾಯ್ತು. ಸುಳ್ಳು ಹೇಳಿದ್ದು ಅದೊಂದೇ ಕಣೇ. ಉಳಿದಿದ್ದೆಲ್ಲ ನಿಜ."

"ಉಳಿದಿದ್ದು ಅಂದ್ರೆ?"

"ನೀನು ಅಂದ್ರೆ ನನಗೆ ಪ್ರಾಣ ಅನ್ನೋದು. ಅದನ್ನ ಗೋಡೆಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ."

ಬ್ರುನೆಲ್ಲಾಳ ಕಣ್ಣು ತುಂಬಿತು. ಗಾಳಿಗೆ ಎಂದು ತೋರಿಸಿಕೊಳ್ಳಲು ಕೂದಲು ಸರಿಸಿದಳು. "ನಿನ್ನ ಮೇಲೆ ಸಿಟ್ಟು ಇನ್ನೂ ಹೋಗಿಲ್ಲ."

"ಹೋಗೋದು ಬೇಡ. ಜೊತೆಗೇ ತಗೊಂಡು ಹೋಗು, ಬಂದು ಅಲ್ಲೇ ಬೈಸ್ಕೋತೀನಿ."

ಅವಳಿಗೆ ನಗು ತಡೆಯಲಾಗಲಿಲ್ಲ, ಅಳುವನ್ನೂ ತಡೆಯಲಾಗಲಿಲ್ಲ. ಎರಡನ್ನೂ ಒಟ್ಟಿಗೇ ಮುಗಿಸಿ, ಮೂಗೊರೆಸಿಕೊಂಡು ಟೀಚರಾದಳು. "ನಡಿ ಕೆಳಗೆ. ನಾನೂ ಹೈಸ್ಕೂಲಲ್ಲಿ ಐದು ವರ್ಷ ಲ್ಯಾಟಿನ್ ಓದಿದ್ದೀನಿ. ಗೋಪುರ ಏನಾದರೂ ಮಾಡ್ಕೊಳ್ಳಲಿ, ಗುರುವಾರದವರೆಗೆ ನಿನ್ನ ಬಿಡಲ್ಲ. 'ಬರೋದು', ಭವಿಷ್ಯತ್ ಕಾಲ. ನಾನು ಬರುತ್ತೇನೆ. ಹೇಳು."

"ವೇನಿಬೊ," ಅಂದ ಎರಡು ಮೆಟ್ಟಿಲು ಇಳಿದು.

"ತಪ್ಪು. ಇದಕ್ಕೇ ನಾಲ್ಕು ಸಲ ಡುಮ್ಕಿ. ಇನ್ನೊಂದು ಸಲ."

ಅವನು ಗೋಡೆಗೆ ಕೈ ಕೊಟ್ಟು ಯೋಚಿಸಿದ. "ವೇನಿಯಂ."

"ಹಾಂ. ಯಾವಾಗ?"

"ಆ ಪ್ರಶ್ನೆ ಪುಸ್ತಕದಲ್ಲಿಲ್ಲ."

"ನಾನು ಕೇಳ್ತಿದ್ದೀನಿ."

"ಪಾಸಾದರೆ ಬರೋ ಭಾನುವಾರ."

"ಆಗದಿದ್ರೆ?"

"ಆಗದಿದ್ರೂ ಬರೋ ಭಾನುವಾರವೇ. ಆ ಪುಸ್ತಕಗಳನ್ನೆಲ್ಲ ಹೊತ್ಕೊಂಡು ಬರ್ಬೇಕಲ್ಲ, ಗಂಟು ಸ್ವಲ್ಪ ದೊಡ್ಡದಿರುತ್ತೆ ಅಷ್ಟೇ."

ಕೆಳಗಿನಿಂದ ಪ್ರವಾಸಿಗಳ ಒಂದು ಗುಂಪು ಏದುಸಿರು ಬಿಡುತ್ತ ಹತ್ತಿ ಬಂತು. ಮೆಟ್ಟಿಲು ಇಕ್ಕಟ್ಟು, ದಾರಿ ಬಿಡಲು ಇಬ್ಬರೂ ಗೋಡೆಗೆ ಒತ್ತಿಕೊಂಡು ನಿಲ್ಲಬೇಕಾಯಿತು. ಆಯ ತಪ್ಪದಂತೆ ಬ್ರುನೆಲ್ಲಾ ಅವನ ಅಂಗಿ ಹಿಡಿದುಕೊಂಡಳು. ಎಂಟು ಜನ ಒಬ್ಬೊಬ್ಬರಾಗಿ ದಾಟಿ ಹೋದರು. ಅವರ ಸದ್ದು ಮೇಲೆ ಕರಗಿದ ಮೇಲೂ ಇವರು ಅಲ್ಲಿಂದ ಕದಲಲಿಲ್ಲ.

"ಮುಂದಿನ ಪ್ರಶ್ನೆ?" ಎಂದು ಕೊರ್ರಾದೊ ಅವಳ ಕಿವಿಯ ಹತ್ತಿರ ಕೇಳಿದ.

"ಸುಮ್ನಿರು ಸ್ವಲ್ಪ ಹೊತ್ತು," ಎಂದಳು ಬ್ರುನೆಲ್ಲಾ. ಅವಳ ಕೈ ಅವನ ಅಂಗಿಯನ್ನು ಬಿಟ್ಟಿರಲಿಲ್ಲ.